ಓಲಗದಿಂದ ವಾದ್ಯವೃಂದಕ್ಕೆ: ಶಿಷ್ಟ ಮೇಳಕೃತಿಗಳ ಹಿನ್ನೆಲೆ ಮತ್ತು ಕೊಡಗಿನ ವಾಲಗ

ಕೊಡಗಿನ ವಾಲಗವನ್ನು ಕುರಿತ ಮಾತುಗಳಲ್ಲಿ ಎರಡು ಅಭಿಪ್ರಾಯಗಳು ಮತ್ತೆ ಮತ್ತೆ ಎದುರಾಗುತ್ತವೆ. ವಾಲಗ ಕಿವಿಗೆ ಬಿದ್ದೊಡನೆ ಕೊಡಗಿನವರ ಕಾಲು ಸುಮ್ಮನಿರುವುದಿಲ್ಲ ಎಂಬುದು ಒಂದು. ಅದರಲ್ಲಿ ಲಯದ ಹುರುಪು ಇದೆಯೇ ಹೊರತು ರಚನೆ ಇಲ್ಲ, ಒಂದೇ ಬಡಿತ ಗಂಟೆಗಟ್ಟಲೆ ಮರುಕಳಿಸುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಮೆಚ್ಚುಗೆ, ಎರಡನೆಯದು ಆಕ್ಷೇಪ. ಆದರೆ ಎರಡರ ಹಿಂದೆಯೂ ಇರುವ ಅಳತೆಗೋಲು ಒಂದೇ. ಹಲವು ವಾದ್ಯಗಳು ಕೂಡಿ ನುಡಿಸುವ ಸಂಗೀತವೆಂದರೆ ಮೊದಲೇ ಬರೆದಿಟ್ಟದ್ದು, ಆದಿ-ಮಧ್ಯ-ಅಂತ್ಯಗಳುಳ್ಳದ್ದು, ಒಬ್ಬ ರಚನಕಾರನ ಹೆಸರು ಹೊತ್ತದ್ದು, ಸಭಿಕರು ಕುಳಿತು ಮೌನವಾಗಿ ಕೇಳುವಂಥದ್ದು ಎಂಬ ಕಲ್ಪನೆ ಅದು. ಯುರೋಪಿನ ಸಿಂಫನಿ ವಾದ್ಯವೃಂದದಿಂದ ಬಂದ ಈ ಕಲ್ಪನೆಯನ್ನು ನಾವು ಪರೀಕ್ಷಿಸದೆ ಒಪ್ಪಿಕೊಂಡಿದ್ದೇವೆ. ವಾಲಗಕ್ಕೆ ರಚನೆಯಿದೆಯೇ ಎಂದು ಕೇಳುವ ಮೊದಲು, ರಚನೆಯುಳ್ಳವೆಂದು ನಾವು ಒಪ್ಪಿರುವ ಶಿಷ್ಟ ಮೇಳಕೃತಿಗಳು ಎಲ್ಲಿಂದ ಬಂದವು, ಅವುಗಳ ಸ್ವರೂಪವನ್ನು ನಿರ್ಧರಿಸಿದ್ದು ಯಾವುದು ಎಂದು ಕೇಳುವುದು ನ್ಯಾಯ. ಪ್ರಸ್ತುತ ಲೇಖನದ ಉದ್ದೇಶ ಅದು.

ಮೊದಲು ಪದವನ್ನು ನೋಡೋಣ. ‘ಓಲಗ’ ಎಂಬುದಕ್ಕೆ ಕನ್ನಡದಲ್ಲಿ ರಾಜಸಭೆ ಎಂಬ ಅರ್ಥವಿದೆ, ಸೇವೆ ಎಂಬ ಅರ್ಥವಿದೆ. ಊದುವ ಮಂಗಳವಾದ್ಯಕ್ಕೂ ಅದೇ ಹೆಸರು. ‘ವಾಲಗ’ ಅದರದೇ ರೂಪ. ಅರಸನ ಮುಂದೆ ನಿಲ್ಲುವುದು, ಊಳಿಗ ಮಾಡುವುದು, ವಾದ್ಯ ನುಡಿಸುವುದು ಈ ಮೂರನ್ನೂ ನಮ್ಮ ಭಾಷೆ ಒಂದೇ ಮಾತಿನಲ್ಲಿ ಹಿಡಿದಿಟ್ಟಿದೆ. ಸಿಂಫನಿಯ ಪಿತಾಮಹನೆಂದು ಪ್ರಸಿದ್ಧನಾದ ಜೋಸೆಫ್ ಹೈಡನ್‌ನ ವೃತ್ತಿಜೀವನವನ್ನು ವರ್ಣಿಸಲು ಇದಕ್ಕಿಂತ ಸೂಕ್ತವಾದ ಪದ ನನಗೆ ತೋರುವುದಿಲ್ಲ. ಅವನು ಅಕ್ಷರಶಃ ಓಲಗಕಾರನಾಗಿದ್ದ. 1761ರಲ್ಲಿ ಎಸ್ಟರ್‌ಹಾಜಿ ಮನೆತನದೊಡನೆ ಅವನು ಮಾಡಿಕೊಂಡ ಕರಾರು ಪ್ರಸಿದ್ಧವಾದುದು. ಸಮವಸ್ತ್ರ ಧರಿಸಿರಬೇಕು, ಬಿಳಿಯ ಕಾಲುಚೀಲ ಹಾಕಿರಬೇಕು, ದಿನವೂ ಹೊರಾಂಗಣದ ಕೋಣೆಯಲ್ಲಿ ಹಾಜರಿದ್ದು ಇಂದು ಸಂಗೀತ ಬೇಕೋ ಬೇಡವೋ ಎಂಬ ಅಪ್ಪಣೆಗೆ ಕಾಯಬೇಕು, ರಚಿಸಿದ್ದೆಲ್ಲವೂ ಪ್ರಭುವಿನ ಸ್ವತ್ತು, ಪ್ರತಿ ಮಾಡಿ ಬೇರೆಯವರಿಗೆ ಕೊಡುವಂತಿಲ್ಲ. ಕೊನೆಯ ನಿರ್ಬಂಧ ಸಡಿಲವಾದದ್ದು 1779ರ ಹೊಸ ಕರಾರಿನಲ್ಲಿ. ಅಲ್ಲಿಯವರೆಗಿನ ಅವನ ಸಿಂಫನಿಗಳು ಒಂದು ಮನೆತನದ ಸೇವಾವಾದ್ಯಗಳು.

1772ರಲ್ಲಿ ರಚಿತವಾದ ಅವನ ‘ವಿದಾಯ’ ಸಿಂಫನಿಯ ಹಿನ್ನೆಲೆ ಈ ದೃಷ್ಟಿಯಿಂದ ಗಮನಾರ್ಹ. ಪ್ರಭು ತನ್ನ ಬೇಸಿಗೆಯ ಅರಮನೆಯಲ್ಲಿ ದೀರ್ಘಕಾಲ ಉಳಿದುಬಿಟ್ಟ. ವಾದಕರ ಹೆಂಡತಿ ಮಕ್ಕಳು ದೂರದ ಐಸೆನ್‌ಸ್ಟಾಟ್‌ನಲ್ಲಿದ್ದರು. ಬಾಯಿಬಿಟ್ಟು ಹೇಳುವಂತಿಲ್ಲ. ಹೈಡನ್ ಕೊನೆಯ ಭಾಗವನ್ನು ಹೇಗೆ ಹೆಣೆದನೆಂದರೆ, ಒಬ್ಬೊಬ್ಬ ವಾದಕನೂ ತನ್ನ ಪಾಲು ಮುಗಿಸಿ, ಮೇಣದಬತ್ತಿ ಆರಿಸಿ ಎದ್ದು ಹೋಗುತ್ತಾನೆ. ಕಡೆಗೆ ಎರಡು ಪಿಟೀಲು ಮಾತ್ರ ಉಳಿಯುತ್ತವೆ. ಮನೆಗೆ ಹೋಗಬೇಕೆಂಬ ಆಳುಗಳ ಬೇಡಿಕೆಯೇ ಇಲ್ಲಿ ಕೃತಿಯ ಆಕಾರವಾಗಿದೆ. ಈ ಸಿಂಫನಿಯನ್ನು ಇಂದು ಕೇಳುವವರು ಅದನ್ನು ‘ರಚನೆ’ ಎನ್ನುತ್ತಾರೆ. ಅದು ಹುಟ್ಟಿದ್ದು ರಜೆ ಸಿಗದ ಊಳಿಗದವರ ಸಂಕಟದಲ್ಲಿ ಎಂಬುದು ಟಿಪ್ಪಣಿಯ ವಿಷಯವಾಗಿಬಿಟ್ಟಿದೆ.

ವಾದ್ಯಗಳ ವಂಶಾವಳಿಯೂ ಇದನ್ನೇ ಹೇಳುತ್ತದೆ. ಸಿಂಫನಿ ವಾದ್ಯವೃಂದದ ಹಾರ್ನ್ ಮೂಲತಃ ಬೇಟೆಯ ಕೊಂಬು. ಹೈಡನ್‌ನ ಕಾಲದ ಹಾರ್ನಿಗೆ ಕವಾಟಗಳಿರಲಿಲ್ಲ. ತುಟಿಯ ಬಿಗಿತವನ್ನು ಬದಲಿಸಿ, ಕೊಳವೆಯ ಉದ್ದಕ್ಕೆ ತಕ್ಕಂತೆ ಸಹಜವಾಗಿ ಹೊಮ್ಮುವ ಕೆಲವೇ ಸ್ವರಗಳನ್ನು ಅದರಿಂದ ಪಡೆಯಬೇಕಿತ್ತು. 1765ರ ಅವನ 31ನೆಯ ಸಿಂಫನಿಯಲ್ಲಿ ನಾಲ್ಕು ಹಾರ್ನುಗಳು ಒಟ್ಟಿಗೆ ಸಂಜ್ಞೆ ಮೊಳಗಿಸುತ್ತವೆ. 73ನೆಯ ಸಿಂಫನಿಯ ಕೊನೆಯ ಭಾಗಕ್ಕೆ ‘ಬೇಟೆ’ ಎಂದೇ ಹೆಸರು; ಬೇಟೆಗಾರರ ಕೂಗುಕೊಂಬಿನ ಸಂಜ್ಞೆ ಅದರೊಳಗಿದೆ. ತಮಟೆಯಂತಹ ದೊಡ್ಡ ಚರ್ಮವಾದ್ಯ, ಕಂಚಿನ ತಾಳ, ತ್ರಿಕೋನ ಇವು ತುರ್ಕಿಯ ಸೈನ್ಯದ ಮೇಳದಿಂದ ಯುರೋಪಿಗೆ ಹಬ್ಬಿ, 1794ರ ‘ಮಿಲಿಟರಿ’ ಸಿಂಫನಿಯ ಮೂಲಕ ಸಭಾಂಗಣ ಹೊಕ್ಕವು. ಮಿನುಯೆಟ್ ಅರಮನೆಯ ಕುಣಿತ; ಅದರ ನಡುವಿನ ಟ್ರಿಯೋದಲ್ಲಿ ಅನೇಕ ಸಲ ಆಸ್ಟ್ರಿಯಾದ ಹಳ್ಳಿಗರ ಕುಣಿತದ ಹೆಜ್ಜೆ ಕೇಳಿಸುತ್ತದೆ. ಬೇಟೆ, ದಂಡು, ಕುಣಿತ ಈ ಮೂರನ್ನೂ ತೆಗೆದುಬಿಟ್ಟರೆ ಹೈಡನ್‌ನ ಸಿಂಫನಿಯಲ್ಲಿ ಉಳಿಯುವುದು ಕಡಿಮೆ.

ಕೊಡಗಿನ ಓದುಗರಿಗೆ ಈ ಮೂರೂ ಪರಿಚಿತವೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ಬಾಗಿದ ಕೊಂಬಿಗೂ ರಂಧ್ರಗಳಿಲ್ಲ, ಕವಾಟಗಳಿಲ್ಲ. ಅದೇ ಭೌತಿಕ ನಿಯಮ, ಅವೇ ಕೆಲವು ಸ್ವರಗಳು. ಕೈಲ್ ಪೊಳ್ದ್‌ನಲ್ಲಿ ಆಯುಧಗಳನ್ನು ಪೂಜಿಸಿ ಬೇಟೆಗೆ ಹೊರಡುವ ರೂಢಿ ಹಿಂದೆ ಇತ್ತು. ಹುಲಿಯನ್ನು ಕೊಂದವನನ್ನು ಮದುಮಗನಂತೆ ಕೂರಿಸಿ ಸತ್ಕರಿಸುವ ‘ನರಿ ಮಂಗಲ’ವೂ ಇತ್ತು (ಕೊಡವ ತಕ್ಕ್‌ನಲ್ಲಿ ‘ನರಿ’ ಎಂದರೆ ಹುಲಿ ಎಂಬುದನ್ನು ಬಯಲುಸೀಮೆಯ ಓದುಗರು ಗಮನಿಸಬೇಕು). 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನಂತರ ಬೇಟೆಗೆ ಕಾನೂನಿನಲ್ಲಿ ಸ್ಥಳವಿಲ್ಲ. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಗಳು ಆ ಜಾಗಕ್ಕೆ ಬಂದಿವೆ. ಯುರೋಪಿನಲ್ಲಿ ಕೊಂಬು ಬೇಟೆಯ ಕಾಡನ್ನು ಬಿಟ್ಟು ಸಭಾಂಗಣಕ್ಕೆ ಹೋಯಿತು. ಕೊಡಗಿನಲ್ಲಿ ಬೇಟೆ ಹೋಯಿತು, ಕೊಂಬು ಮಂದ್‌ನಲ್ಲಿಯೇ ಉಳಿಯಿತು. ನನ್ನ ದೃಷ್ಟಿಯಲ್ಲಿ ಎರಡು ಪರಂಪರೆಗಳ ವ್ಯತ್ಯಾಸದ ತಿರುಳು ಇಲ್ಲಿದೆ. ಶಿಷ್ಟ ಮೇಳಕೃತಿ ತನ್ನ ಸಂದರ್ಭವನ್ನು ಒಳಗೆ ಎಳೆದುಕೊಂಡು ಸ್ವರಲಿಪಿಯಲ್ಲಿ ಬರೆದಿಟ್ಟುಕೊಂಡಿತು; ಆದ್ದರಿಂದ ಬೇಟೆಯಿಲ್ಲದೆಯೂ ‘ಬೇಟೆ’ಯನ್ನು ನುಡಿಸಬಹುದು. ವಾಲಗ ಹಾಗೆ ಮಾಡಲಿಲ್ಲ. ಅದರ ರಚನೆಯ ಅರ್ಧ ಭಾಗ ವಾದ್ಯಗಳ ಹೊರಗೆ, ಕುಣಿಯುವವರ ಮೈಯಲ್ಲಿ, ನಡೆಯುತ್ತಿರುವ ಕಾರ್ಯದಲ್ಲಿ ಇದೆ.

ಇದನ್ನು ಒಂದು ಉದಾಹರಣೆಯಿಂದ ವಿಶದಪಡಿಸಬಹುದು. ಕೊಡವ ಮದುವೆಯ ಗಂಗಾಪೂಜೆಯಲ್ಲಿ ಮದುಮಗಳು ಬಾವಿಯಿಂದ ನೀರು ತುಂಬಿದ ಬಿಂದಿಗೆ ಹೊತ್ತು ಮನೆಯತ್ತ ಬರುತ್ತಾಳೆ. ವರನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ಅವಳ ದಾರಿ ಕಟ್ಟುತ್ತಾರೆ. ಒಂದು ಹೆಜ್ಜೆ ಮುಂದಿಡಲು ಎಷ್ಟು ಹೊತ್ತು ಬೇಕಾದರೂ ಆಗಬಹುದು. ಕೆಲವೊಮ್ಮೆ ಗಂಟೆಗಳೇ ಕಳೆಯುತ್ತವೆ. ಹುಡುಗಿಯ ತಲೆಯ ಮೇಲೆ ಭಾರವಿದೆ, ಎದುರಿಗೆ ಇನ್ನೂ ಬಿಡಲೊಲ್ಲದ ನೆಂಟರಿದ್ದಾರೆ, ಪಕ್ಕದಲ್ಲಿ ಅವಳ ತಾಳ್ಮೆಯನ್ನು ಅಳೆಯುವ ಹಿರಿಯರಿದ್ದಾರೆ. ಧ್ವನಿಮುದ್ರಣದಲ್ಲಿ ಕೇಳಿದರೆ ಇದು ಒಂದೇ ಬಡಿತದ ಮರುಕಳಿಕೆ. ಎದುರಿಗೆ ನಿಂತು ನೋಡಿದರೆ ಹಾಗಲ್ಲ. ಕುಣಿಯುವವರ ಹುರುಪು ಇಳಿದಾಗ ಕೈ ಬಿಗಿಯಾಗುತ್ತದೆ. ಹೊಸಬರು ನುಗ್ಗಿದಾಗ ಕೊಂಬು ಏಳುತ್ತದೆ. ಹಿರಿಯರೊಬ್ಬರು ಸಾಕು ಎಂದು ಕೈಯೆತ್ತಿದಾಗ ಬಡಿತ ದಾರಿ ಬಿಡುತ್ತದೆ. ಆರಂಭವಿದೆ, ತಡೆಯಿದೆ, ಬಿಡುಗಡೆಯಿದೆ. ತಡೆಯ ಕಾಲಾವಧಿ ಮಾತ್ರ ಮೊದಲೇ ಗೊತ್ತಿಲ್ಲ. ಪುತ್ತರಿಯ ಮಂದ್‌ನಲ್ಲಿ ಪರೆಯಕಳಿ ಆಡುವಾಗಲೂ ಹೀಗೆಯೇ. ಬೆತ್ತ ಹಿಡಿದವನು ಎದುರಾಳಿಯ ಮೊಣಕಾಲ ಕೆಳಗೆ ಹೊಡೆಯಬೇಕು, ಎದುರಾಳಿ ಗುರಾಣಿಯಿಂದ ತಡೆಯಬೇಕು. ಏಟು ಯಾವಾಗ ಬೀಳುತ್ತದೆಂದು ವಾದಕನಿಗೆ ತಿಳಿಯದು, ಆದರೆ ಬೀಳುವ ಮುನ್ನ ಅವನ ಕೈಗೆ ತಿಳಿದಿರುತ್ತದೆ. ಅಲನ್ ಡಂಡೆಸ್ 1964ರಲ್ಲಿ ಜಾನಪದದ ವಿಶ್ಲೇಷಣೆಗೆ ವಿನ್ಯಾಸ, ಪಠ್ಯ, ಸಂದರ್ಭ ಎಂಬ ಮೂರು ಸ್ತರಗಳನ್ನು ಸೂಚಿಸಿದ. ನಮ್ಮಲ್ಲಿ ಅದನ್ನು ಉಲ್ಲೇಖಿಸದ ಮಹಾಪ್ರಬಂಧ ಅಪರೂಪ. ಆದರೂ ವಾಲಗದ ವಿಷಯಕ್ಕೆ ಬಂದಾಗ ಪಠ್ಯ ಸಿಗಲಿಲ್ಲವೆಂದು ರಚನೆಯೇ ಇಲ್ಲವೆಂದುಬಿಡುತ್ತೇವೆ.

ಬರವಣಿಗೆ ಇಲ್ಲದಿದ್ದರೆ ರಚನೆಯಿಲ್ಲ ಎಂಬ ವಾದಕ್ಕೆ ನೆರೆಯ ಕೇರಳವೇ ಉತ್ತರ ಕೊಡುತ್ತದೆ. ತಿಮಿಲ, ಮದ್ದಳ, ಇಡಕ್ಕ, ಇಲತ್ತಾಳ, ಕೊಂಬುಗಳ ಪಂಚವಾದ್ಯ ಇಂದಿನ ರೂಪ ಪಡೆದದ್ದು 1930ರ ದಶಕದಲ್ಲಿ, ತಿರುವಿಲ್ವಾಮಲದ ವೆಂಕಿಚ್ಚನ್ ಸ್ವಾಮಿ ಮೊದಲಾದವರ ಪ್ರಯತ್ನದಿಂದ. ವಿಳಂಬದಿಂದ ದ್ರುತಕ್ಕೆ ಏರುವ ಅದರ ವಾಸ್ತುವಿಗೆ ಸ್ವರಲಿಪಿಯ ಹಂಗಿಲ್ಲ. ಆದರೂ ಕಟ್ಟಿದವರ ಹೆಸರು ಉಳಿದಿದೆ. ಕೊಡಗಿನ ಕೊಂಬಿಗೆ ಅಂಥ ಅದೃಷ್ಟ ಒದಗಲಿಲ್ಲ.

ಹಳ್ಳಿಯ ಮೇಳವನ್ನು ಶಿಷ್ಟ ರಚನಕಾರ ಹೇಗೆ ಕಂಡ ಎಂಬುದಕ್ಕೆ ಬೀಥೋವನ್‌ನ ಆರನೆಯ ಸಿಂಫನಿಗಿಂತ ಒಳ್ಳೆಯ ನಿದರ್ಶನವಿಲ್ಲ. 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ, ಐದನೆಯದರ ಜೊತೆಗೇ, ಅದು ಮೊದಲ ಸಲ ಪ್ರಯೋಗವಾಯಿತು. ಅದರ ಮೂರನೆಯ ಭಾಗ ಹಳ್ಳಿಗರ ಸಂತೋಷಕೂಟ. ಅಲ್ಲಿ ಓಬೋ ತಾಳದಿಂದ ಸ್ವಲ್ಪ ಜಾರಿದಂತೆ ಹಾಡುತ್ತದೆ. ಬಾಸೂನ್ ತನಗೆ ಗೊತ್ತಿರುವುದೇ ಇಷ್ಟು ಎಂಬಂತೆ ಎರಡು ಮೂರು ಸ್ವರಗಳನ್ನು ಆಗಾಗ ಊದಿ ಸುಮ್ಮನಾಗುತ್ತದೆ. ನಿದ್ದೆಗಣ್ಣಿನ ಹಳ್ಳಿಯ ವಾದಕನ ವಿನೋದಚಿತ್ರ ಇದೆಂದು ವಿಮರ್ಶಕರು ವಿವರಿಸುತ್ತಾ ಬಂದಿದ್ದಾರೆ, ಸಭಿಕರು ಮುಗುಳ್ನಗುತ್ತಾ ಬಂದಿದ್ದಾರೆ. ಬೀಥೋವನ್‌ನ ಕಿವಿ ಸೂಕ್ಷ್ಮವಾದುದು. ಅವನು ಕೇಳಿದ್ದು ನಿಜವಿರಬೇಕು. ಅದನ್ನು ಅಜ್ಞಾನವೆಂದು ಅರ್ಥೈಸುವುದರಲ್ಲಿ ಮಾತ್ರ ನನಗೆ ಅನುಮಾನ. ವಾಲಗದಲ್ಲಿ ಕೊಂಬಿನವನು ಬಹಳ ಹೊತ್ತು ಸುಮ್ಮನಿದ್ದು, ಎರಡು ಸ್ವರ ಊದಿ, ಮತ್ತೆ ಕೊಂಬು ಇಳಿಸುತ್ತಾನೆ. ಅವನಿಗೆ ನಿದ್ದೆ ಬಂದಿರುವುದಿಲ್ಲ. ಅವನು ಕುಣಿಯುವವರನ್ನು ನೋಡುತ್ತಿರುತ್ತಾನೆ. ಹಳ್ಳಿಯ ಬಾಸೂನಿನವನೂ ಏನನ್ನೋ ನೋಡುತ್ತಿದ್ದಿರಬೇಕು. ಆ ನೋಟದ ಗುರಿ ಸ್ವರಲಿಪಿಯೊಳಗೆ ಬರಲಿಲ್ಲವಾದ್ದರಿಂದ ಉಳಿದದ್ದು ಅವನ ತೂಕಡಿಕೆ ಮಾತ್ರ. ಆದರೂ ಬೀಥೋವನ್ ತನ್ನ ಕೃತಿ ಚಿತ್ರಣಕ್ಕಿಂತ ಹೆಚ್ಚಾಗಿ ಭಾವದ ಅಭಿವ್ಯಕ್ತಿಯೆಂದು ಎಚ್ಚರಿಸಿದ್ದಾನೆ. ಅವನಿಗೆ ತನ್ನ ಮಿತಿಯ ಅರಿವಿತ್ತು. ಅರಿವು ಕಳೆದುಕೊಂಡದ್ದು ಅನಂತರದ ವಿಮರ್ಶೆ. 1854ರಲ್ಲಿ ಎಡುವಾರ್ಡ್ ಹಾನ್ಸ್‌ಲಿಕ್ ಸಂಗೀತದ ಸತ್ತ್ವ ನಾದದ ಚಲಿಸುವ ರೂಪಗಳಲ್ಲಿ ಮಾತ್ರ ಇದೆಯೆಂದು ಪ್ರತಿಪಾದಿಸಿದ ಮೇಲೆ ಬೇಟೆ, ಕುಣಿತ, ಊಳಿಗಗಳೆಲ್ಲ ಹಿನ್ನೆಲೆಯ ಮಾಹಿತಿಯಾಗಿ ಹಿಂದೆ ಸರಿದವು. ವಾಲಗಕ್ಕೆ ರಚನೆಯಿಲ್ಲ ಎನ್ನುವ ನಮ್ಮವರು ಹಾನ್ಸ್‌ಲಿಕ್‌ನನ್ನು ಓದಿರಲಾರರು. ಓದದೆಯೇ ಅವನ ಶಿಷ್ಯರಾಗಿದ್ದಾರೆ.

ಸಂದರ್ಭದಿಂದ ಪೂರ್ತಿ ಬಿಡಿಸಿಕೊಂಡ ಮೇಳಕೃತಿಯ ಕೇಳ್ವಿಕೆಗೆ ಅತ್ಯಂತ ಸ್ಪಷ್ಟವಾದ ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ. 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದಾಗ ಆ ರಾಜ್ಯದ ಮೊದಲ ರಾಜ್ಯಪಾಲರಾದವರು ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳನ್ನು ರಚಿಸಿದ ಅವರು ಪಾಶ್ಚಾತ್ಯ ಸಂಗೀತದ ಶ್ರದ್ಧಾವಂತ ವಿದ್ಯಾರ್ಥಿಯೂ ಆಗಿದ್ದರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿ, ಆಗ ಹೆಚ್ಚು ಜನ ಕಿವಿಗೊಡದಿದ್ದ ರಷ್ಯನ್ ರಚನಕಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಹೊರತರಲು ಹಣ ಒದಗಿಸಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಗೀತೆ’ಗಳ ಪ್ರಥಮ ಪ್ರಯೋಗ ನಡೆದದ್ದೂ ಅವರ ನೆರವಿನಿಂದಲೇ. ಹಾಡಿದವಳು ಕರ್ಸ್ಟನ್ ಫ್ಲಾಗ್‌ಸ್ಟಾಟ್, ವಾದ್ಯವೃಂದ ನಡೆಸಿದವನು ಫುರ್ಟ್‌ವೆಂಗ್ಲರ್. ಒಡೆಯರು ಅಂದು ಆ ಸಭೆಯಲ್ಲಿರಲಿಲ್ಲ. ಸಂಗೀತ ಅವರಿದ್ದಲ್ಲಿಗೆ ತಟ್ಟೆಗಳಲ್ಲಿ ಬರುತ್ತಿತ್ತು.

ಇದನ್ನು ಕೊರತೆಯೆಂದು ನಾನು ಹೇಳುತ್ತಿಲ್ಲ. ಮೆಟ್ನರ್‌ನ ಕೃತಿ ಮೈಸೂರಿನಲ್ಲಿ ಒಬ್ಬರೇ ಕುಳಿತು ಕೇಳುವವರಿಗೂ ಮುಟ್ಟಿತೆಂಬುದು ಆ ಬಗೆಯ ರಚನೆಯ ಶಕ್ತಿ. ಅದು ತನ್ನ ಗಂಟನ್ನು ತಾನೇ ಹೊತ್ತುಕೊಂಡು ಸಮುದ್ರ ದಾಟಬಲ್ಲದು. ಪ್ರಶ್ನೆ ಇರುವುದು ವಾಲಗವನ್ನೂ ಹಾಗೆ ದಾಟಿಸಬಹುದೇ ಎಂಬುದರಲ್ಲಿ. ಈಚೆಗೆ ಕಲ್ಯಾಣಮಂಟಪಗಳಲ್ಲಿ ಧ್ವನಿವರ್ಧಕದ ಮೂಲಕ ಮುದ್ರಿತ ವಾಲಗ ಹಾಕುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಒಂದು ಮದುವೆಯಲ್ಲಿ ಗಂಗಾಪೂಜೆಯ ಕುಣಿತ ನಡೆಯುತ್ತಿದ್ದಾಗಲೇ ಮುದ್ರಿಕೆ ಮುಗಿಯಿತು. ಎತ್ತಿದ ಕೈಗಳು ಹಾಗೆಯೇ ನಿಂತವು. ಯಾರೋ ಓಡಿಹೋಗಿ ಮತ್ತೆ ಮೊದಲಿನಿಂದ ಹಚ್ಚಿದರು. ಆ ಮದುಮಗಳನ್ನು ಯಂತ್ರ ನೋಡಿರಲಿಲ್ಲ. ಸ್ಪರ್ಧಾವೇದಿಕೆಗಳಲ್ಲಿ ತೊಂದರೆ ಇನ್ನೊಂದು ಬಗೆಯದು. ವಾಲಗತ್ತಾಟ್, ಕತ್ತಿಯಾಟ್, ಬೊಳಕಾಟ್, ಉಮ್ಮತ್ತಾಟ್‌ಗಳಿಗೆ ವೇದಿಕೆ ದೊರೆತದ್ದರಿಂದ ಅವು ಹೊಸ ತಲೆಮಾರಿಗೆ ತಲುಪಿವೆ. 2023ರಲ್ಲಿ ಉಮ್ಮತ್ತಾಟ್ ಕಲಾವಿದೆ ರಾಣಿ ಮಾಚಯ್ಯನವರಿಗೆ ಪದ್ಮಶ್ರೀ ಬಂದದ್ದು ಈ ಪ್ರಸಾರದ ಫಲವೂ ಹೌದು. ಆದರೆ ನಿಮಿಷಗಳ ಲೆಕ್ಕದಲ್ಲಿ ಮುಗಿಯಬೇಕಾದ ಕುಣಿತಕ್ಕೆ ಒಪ್ಪುವ ವಾಲಗ ಮೊದಲಿನಿಂದ ಕೊನೆಯವರೆಗೆ ದ್ರುತದಲ್ಲಿಯೇ ಇರಬೇಕಾಗುತ್ತದೆ. ತಡೆಗೆ ಅಲ್ಲಿ ಸಮಯವಿಲ್ಲ. ಅಂಥ ವಾಲಗವನ್ನು ಮಾತ್ರ ಕೇಳಿದವರು ಅದನ್ನು ಏಕತಾನವೆಂದರೆ ಅವರ ತಪ್ಪಲ್ಲ.

ಹಾಗಾದರೆ ಬರೆದಿಡುವುದೇ ಬೇಡವೇ? ಈ ಪ್ರಶ್ನೆಗೆ 1924ನೆಯ ಇಸವಿ ಉಪಯುಕ್ತವಾದ ಹೋಲಿಕೆಯನ್ನು ಒದಗಿಸುತ್ತದೆ. ಆ ವರ್ಷ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಪ್ರಕಟವಾಯಿತು. ಅದೇ ವರ್ಷ ಹಂಗೆರಿಯಲ್ಲಿ ಬೇಲಾ ಬಾರ್ಟೋಕ್‌ನ ಹಂಗೆರಿಯನ್ ಜನಪದ ಗೀತೆಗಳ ಶಾಸ್ತ್ರೀಯ ಅಧ್ಯಯನವೂ ಪ್ರಕಟವಾಯಿತು. ಇಬ್ಬರೂ ಹಳ್ಳಿ ಹಳ್ಳಿ ತಿರುಗಿದವರು. ಒಬ್ಬರು ಪದಗಳನ್ನು ಹಿಡಿದರು. ಮದುವೆ, ಸಾವು, ಹಬ್ಬಗಳಲ್ಲಿ ದುಡಿಯೊಡನೆ ಹಾಡುವ ಪಾಟ್‌ಗಳು ಅವರಿಂದಾಗಿ ನಮಗೆ ಉಳಿದಿವೆ. ಇನ್ನೊಬ್ಬ ಫೋನೋಗ್ರಾಫ್ ಹೊತ್ತು ರಾಗಗಳನ್ನು ಹಿಡಿದ. ಬಾರ್ಟೋಕ್‌ಗೆ ವಾದ್ಯವೃಂದವೂ ಕೈಯಲ್ಲಿತ್ತು. 1915ರಲ್ಲಿ ಪಿಯಾನೊಗೆ ಬರೆದ ‘ರುಮೇನಿಯನ್ ಜನಪದ ಕುಣಿತಗಳು’ ಎಂಬುದನ್ನು 1917ರಲ್ಲಿ ಚಿಕ್ಕ ವಾದ್ಯವೃಂದಕ್ಕೆ ಹೊಂದಿಸಿದ. ಅದರ ಮೊದಲ ಕುಣಿತದ ಹೆಸರು ಕೋಲಿನ ಕುಣಿತ, ನಮ್ಮ ಮಾತಿನಲ್ಲಿ ಕೋಲಾಟ್. ಟ್ರಾನ್ಸಿಲ್ವೇನಿಯದ ಒಂದು ಹಳ್ಳಿಯಲ್ಲಿ ಇಬ್ಬರು ರೋಮಾ ಪಿಟೀಲುಗಾರರಿಂದ ಅವನು ಅದನ್ನು ಕೇಳಿದ್ದ. ಆರು ಕುಣಿತಗಳೂ ಸೇರಿ ಆರೇಳು ನಿಮಿಷಗಳಲ್ಲಿ ಮುಗಿಯುವ ಕೃತಿ ಅದು. ಒಂದು ಸ್ವರವೂ ಹೆಚ್ಚಿಲ್ಲ. ಜನಪದದಿಂದ ಹುಟ್ಟಿದ ಮೇಳಕೃತಿಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಕಡಿಮೆ. ಆದರೂ ಜಗತ್ತಿನ ಸಭಾಂಗಣಗಳಲ್ಲಿ ಅದು ಬಾರ್ಟೋಕ್‌ನ ಕೃತಿ. ಕೋಲಿನ ಕುಣಿತವನ್ನು ನುಡಿಸಿದ ಆ ಇಬ್ಬರು ‘ಪಿಟೀಲುಗಾರರು’ ಅಷ್ಟೆ.

ಕೊಡಗಿನಲ್ಲಿ ವಾಲಗ ನುಡಿಸುತ್ತಾ ಬಂದವರು ಬಹುಮಟ್ಟಿಗೆ ಮೇದ, ಕೆಂಬಟ್ಟಿ ಮುಂತಾದ ಸಮುದಾಯದವರು. ಬುಟ್ಟಿ ಹೆಣೆಯುವ, ಗದ್ದೆಯಲ್ಲಿ ದುಡಿಯುವ ಕೈಗಳೇ ಮದುವೆಗೂ ಸಾವಿಗೂ ಬಡಿದವು. ದುಡಿಕೊಟ್ಟ್ ಪಾಟ್ ಹಾಡುವವರು ಒಕ್ಕದ ಹೆಸರಿನೊಡನೆ ನೆನಪಿನಲ್ಲಿ ಉಳಿಯುತ್ತಾರೆ. ವಾಲಗದವರು ‘ವಾಲಗದವರು’ ಎಂದು ಉಳಿಯುತ್ತಾರೆ. ಹೈಡನ್‌ನನ್ನು ಊಳಿಗದ ಸಮವಸ್ತ್ರದಿಂದ ಬಿಡಿಸಿದ್ದು ಅಚ್ಚಿನ ಮನೆ. ಅವನ ಹೆಸರು ಮುದ್ರಿತ ಸ್ವರಲಿಪಿಯ ಮೇಲೆ ಲಂಡನ್, ಪ್ಯಾರಿಸ್‌ಗಳನ್ನು ತಲುಪಿತು. ವಾಲಗವನ್ನು ದೊಡ್ಡ ವಾದ್ಯವೃಂದಕ್ಕೆ ಹೊಂದಿಸಿ ‘ಕೊಡಗಿನ ಸಿಂಫನಿ’ ಮಾಡಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಮಾಡಲಿ, ಅದರಿಂದ ಒಳ್ಳೆಯ ಕೃತಿ ಹುಟ್ಟಲೂಬಹುದು. ಅದು ಹೊಂದಿಸಿದವನ ಕೃತಿಯಾಗುತ್ತದೆ. ವಾಲಗದ ದಾಖಲೆ ಅದಲ್ಲ. ಯಾವ ಊರ ಮಂದ್‌ನಲ್ಲಿ, ಯಾವ ಕಾರ್ಯಕ್ಕೆ, ಎದುರಿಗೆ ಯಾರು ಕುಣಿಯುತ್ತಿದ್ದಾಗ, ಯಾರ ಕೈ ಏನನ್ನು ಬಡಿಯಿತು ಎಂಬುದನ್ನು ದೃಶ್ಯಸಹಿತವಾಗಿ ಹಿಡಿದರೆ ಮಾತ್ರ ಹೊರಗಿರುವ ಅರ್ಧ ರಚನೆ ಒಳಗಿನ ಅರ್ಧದೊಡನೆ ಸೇರುತ್ತದೆ.

ಈ ಮಾತನ್ನು ಬೇರೆಯವರಿಗೆ ಹೇಳುವ ಮೊದಲು ನನ್ನ ಮಹಾಪ್ರಬಂಧವನ್ನು ತೆರೆದು ನೋಡಿದೆ. ಅನುಬಂಧದ ವಕ್ತೃಗಳ ಪಟ್ಟಿಯಲ್ಲಿ ಪಾಟ್ ಹಾಡಿದವರೆಲ್ಲರ ಹೆಸರು, ಒಕ್ಕ, ಊರು, ವಯಸ್ಸು ಇದ್ದವು. ಅದರ ಕೆಳಗೆ ‘ವಾಲಗದವರು, ನಾಲ್ವರು’ ಎಂದಿತ್ತು. ಕಳೆದ ಪುತ್ತರಿಗೆ ಆ ಊರಿಗೆ ಮತ್ತೆ ಹೋದೆ. ನಾಲ್ವರಲ್ಲಿ ಇಬ್ಬರು ಸಿಕ್ಕರು. ಗಂಗಾಪೂಜೆಯ ಬಡಿತವನ್ನು ಮುದ್ರಿಸಿಕೊಳ್ಳಲು ಒಮ್ಮೆ ಬಡಿದು ತೋರಿಸಬೇಕೆಂದು ಹಿರಿಯರನ್ನು ಕೇಳಿದೆ. ಕೋಲು ಕೈಗೆತ್ತಿಕೊಂಡವರು ಅಂಗಳವನ್ನೊಮ್ಮೆ ನೋಡಿ, ಕುಣಿಯುವವರು ಯಾರು ಎಂದು ಕೇಳಿದರು. ಅಂದು ಕುಣಿಯುವವರು ಇರಲಿಲ್ಲ. ಮುದ್ರಣವನ್ನು ಅಲ್ಲಿಗೇ ಬಿಟ್ಟು, ಅವರಿಬ್ಬರ ಹೆಸರನ್ನೂ, ತೀರಿಹೋದ ಉಳಿದಿಬ್ಬರ ಹೆಸರನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಂಡು ಬಂದೆ.